ಎಲ್ಲಾ ಹೊಸದು ಹಾಕಿದರೂ ಹೀಟ್ ಆಗುತ್ತಿದ್ದ ಗಾಡಿ

ಬಳ್ಳಾರಿಯಲ್ಲಿ ಏಪ್ರಿಲ್, ಮೇ ಬಂತೆಂದರೆ ಗ್ಯಾರೇಜಿಗೆ ಹೀಟಿಂಗ್ ಕಂಪ್ಲೇಂಟೇ ಜಾಸ್ತಿ. ಹೊರಗೆ 40 ಡಿಗ್ರಿ ದಾಟಿದ ಬಿಸಿಲು, ಮುಂದೆ ಅದಿರು ಲಾರಿ, ಒಳಗೆ ಎಸಿ ಫುಲ್. ಅದರಲ್ಲೂ ತಲೆ ತಿನ್ನೋದು ಈಗಷ್ಟೇ ಕೂಲಿಂಗ್ ಕೆಲಸ ಮುಗಿಸಿಕೊಂಡು ಬಂದ ಗಾಡಿ. ರೇಡಿಯೇಟರ್, ಥರ್ಮೋಸ್ಟ್ಯಾಟ್ (ಬಿಸಿ ನೋಡಿ ನೀರಿನ ದಾರಿ ತೆರೆಯೋ ವಾಲ್ವ್), ವಾಟರ್ ಪಂಪ್, ಫ್ಯಾನ್ ಮೋಟರ್, ಎಲ್ಲಾ ಹೊಸದು. ಆದರೂ ಟೆಂಪರೇಚರ್ ಮುಳ್ಳು ಮೇಲಕ್ಕೇ.

ಸಂಡೂರು ಕಡೆಯ ಟ್ಯಾಕ್ಸಿ ಡ್ರೈವರ್ ಒಬ್ಬರು ಇಂಥದ್ದೇ ಡೀಸೆಲ್ ಕಾರು ತಂದಿದ್ದರು. ಅಷ್ಟೂ ಕೆಲಸ ಬೇರೆ ಕಡೆ ಮಾಡಿಸಿದ್ದರು. "ಇನ್ನು ಹೆಡ್ಡೇ ಇಳಿಸಬೇಕಂತೆ ಅಣ್ಣ" ಅಂದರು. ಮುಖ ಬಾಡಿತ್ತು. ಹೆಡ್ ಅಂದ್ರೆ ಎಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ. ಅದನ್ನು ಇಳಿಸೋದು ಸಣ್ಣ ಖರ್ಚಲ್ಲ, ಗಾಡಿ ನಿಂತರೆ ಬಾಡಿಗೆನೂ ಇಲ್ಲ.

ಸ್ಪ್ಯಾನರ್ ಹಿಡಿಯೋ ಮುಂಚೆ ನಾನು ಕೇಳೋದು ಒಂದೇ ಪ್ರಶ್ನೆ. ಯಾವಾಗ ಹೀಟ್ ಆಗುತ್ತೆ?

"ಹೊಸಪೇಟೆ ರೋಡಲ್ಲಿ ಏನೂ ಇಲ್ಲ. ದೋಣಿಮಲೈ ಏರಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ಮುಗೀತು. ಮೋತಿ ಸರ್ಕಲ್ ಟ್ರಾಫಿಕ್ಕಲ್ಲೂ ಹಂಗೇ. ಎಸಿನೂ ಬಿಸಿ ಗಾಳಿ ಬಿಡುತ್ತೆ."

ಹೈವೇಯಲ್ಲಿ ಹೀಟ್ ಆದರೆ ನೀರಿನ ಓಟದ ಕಡೆ ನೋಡಬೇಕು. ಕಟ್ಟಿಕೊಂಡ ರೇಡಿಯೇಟರ್, ಒಳಗೆ ಚಪ್ಪಟೆಯಾಗುವ ಕೆಳಗಿನ ಹೋಸ್, ಬಾಯಿ ಪೂರ್ತಿ ಬಿಡದ ಥರ್ಮೋಸ್ಟ್ಯಾಟ್, ಇಂಥವು. ನಿಂತಾಗ, ನಿಧಾನ ಹೋಗುವಾಗ ಮಾತ್ರ ಹೀಟ್ ಆದರೆ ಗಾಳಿಯ ಕಡೆ ನೋಡಬೇಕು. ಎಸಿನೂ ಜೊತೆಗೆ ಸೋತರಂತೂ ಅನುಮಾನವೇ ಬೇಡ ಅನ್ನಿಸುತ್ತದೆ, ಯಾಕಂದ್ರೆ ಎಸಿಯ ಬಿಸಿ ಹೊರಹಾಕೋ ಕಂಡೆನ್ಸರ್ ಇರೋದು ರೇಡಿಯೇಟರ್ ಮುಂದೆಯೇ, ಎರಡಕ್ಕೂ ಒಂದೇ ಫ್ಯಾನ್ ಗಾಳಿ.

ಆದರೂ ಹೆಡ್ ಮೇಲೆ ಅನುಮಾನ ಎದ್ದ ಮೇಲೆ ಅದನ್ನು ಬಗೆಹರಿಸದೆ ಮುಂದೆ ಹೋಗೋ ಹಾಗಿಲ್ಲ. ಗಾಡಿಯನ್ನು ರಾತ್ರಿ ಗ್ಯಾರೇಜಲ್ಲೇ ಬಿಡಿಸಿಕೊಂಡೆ. ಬೆಳಿಗ್ಗೆ ಪೂರ್ತಿ ತಣ್ಣಗಿದ್ದಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದೆ. ಬಿಸಿ ಇದ್ದಾಗ ಮಾತ್ರ ಯಾರೂ ಕ್ಯಾಪ್ ಮುಟ್ಟಬೇಡಿ, ಕುದಿಯೋ ನೀರು ಮುಖಕ್ಕೇ ಹಾರುತ್ತದೆ. ಹೆಡ್ ಕೆಳಗಿನ ಸೀಲ್, ಅಂದ್ರೆ ಹೆಡ್ ಗ್ಯಾಸ್ಕೆಟ್, ಹೋಗಿದ್ದರೆ ಸಾಮಾನ್ಯವಾಗಿ ನೀರಲ್ಲಿ ಗುಳ್ಳೆ ನಿಲ್ಲದೆ ಬರುತ್ತವೆ, ಕ್ಯಾಪ್ ಹಾಕಿದರೆ ಎಂಜಿನ್ ಬಿಸಿಯಾಗೋ ಮೊದಲೇ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಇಲ್ಲಿ ಎರಡೂ ಇರಲಿಲ್ಲ.

ಆಮೇಲೆ ಏರ್ ಲಾಕ್. ಕೂಲಂಟ್ ಇಳಿಸಿ ತುಂಬಿದ ಗಾಡಿಯಲ್ಲಿ ಇದು ಮಾಮೂಲಿ. ಮುಳ್ಳು ಮೇಲಿದ್ದು ಹೀಟರ್ ತಣ್ಣನೆ ಗಾಳಿ ಬಿಟ್ಟರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಅಂತ ಶಂಕಿಸಬಹುದು. ಮೇ ತಿಂಗಳಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದು ನೋಡಿ ಡ್ರೈವರ್ ನಕ್ಕರು. ಹೀಟರ್ ಚೆನ್ನಾಗಿ ಬಿಸಿ ಬಂತು. ನೀರು ಓಡುತ್ತಿದೆ, ಪಂಪ್ ಸರಿ ಇದೆ.

ಇನ್ನು ಗಾಳಿ. ಟಾರ್ಚ್ ಹಿಡಿದು ಕಂಡೆನ್ಸರ್ ಮತ್ತು ರೇಡಿಯೇಟರ್ ಮಧ್ಯದ ಸಂದಿ ನೋಡಿದೆ. ಕಂಡೆನ್ಸರ್ ಹಿಂಬದಿಗೆ ಕೆಂಪು ಮಣ್ಣು ಮೆತ್ತಿಕೊಂಡಿತ್ತು. ಗಣಿ ಕಡೆ ಓಡೋ ಗಾಡಿಗಳ ಪಾಡೇ ಇದು. ಅದಿರಿನ ಧೂಳು ಒಂದು ಮಳೆ ಕಂಡರೆ ಫಿನ್ (ತೆಳು ಲೋಹದ ಪಟ್ಟಿ) ಸಂದಿಯಲ್ಲಿ ಗಾರೆ ಆಗಿಬಿಡುತ್ತದೆ. ಹೊಸ ರೇಡಿಯೇಟರ್ ಕೂರಿಸುವಾಗ ಎದುರಿಗಿದ್ದ ಇದನ್ನು ಯಾರೂ ತೊಳೆದಿಲ್ಲ. ಎಂಜಿನ್ ಕಡೆಯಿಂದ ಹೊರಕ್ಕೆ, ಫಿನ್ ಮಡಚದಂತೆ ಕಡಿಮೆ ಪ್ರೆಶರಲ್ಲಿ ನೀರು ಬಿಟ್ಟೆ. ಕೆಂಪು ನೀರು ನಿಲ್ಲೋಕೆ ಬಹಳ ಹೊತ್ತು ಹಿಡಿಯಿತು.

ಸ್ವಲ್ಪ ಸುಧಾರಿಸಿತು, ಸಾಕಾಗಲಿಲ್ಲ. ನಿಂತಲ್ಲೇ ಎಸಿ ಹಾಕಿ ಬಿಟ್ಟರೆ ಮುಳ್ಳು ಮತ್ತೆ ಏರಿತು. ಇನ್‌ಫ್ರಾರೆಡ್ ಥರ್ಮಾಮೀಟರಲ್ಲಿ ಹೋಸ್‌ಗಳ ರಬ್ಬರ್ ಮೇಲೆ ಅಳೆದೆ. ಹೊಳೆಯೋ ಲೋಹದ ಮೇಲೆ ಅದು ಸುಳ್ಳು ಹೇಳುತ್ತದೆ. ರೇಡಿಯೇಟರಿಗೆ ನೀರು ಬರೋ ಮೇಲಿನದು 101 ಡಿಗ್ರಿ, ಹೊರಹೋಗೋ ಕೆಳಗಿನದು 97. ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ರೇಡಿಯೇಟರ್ ಬಿಸಿ ಬಿಡುತ್ತಿಲ್ಲ.

ಬಿಲ್ ಬುಕ್ಕಿಂದ ಒಂದು ಹಾಳೆ ಹರಿದು ಕಂಡೆನ್ಸರ್ ಮುಂದೆ ಹಿಡಿದೆ. ಫ್ಯಾನ್ ಸರಿ ಇದ್ದರೆ ಗಾಳಿ ಒಳಕ್ಕೆ ಎಳೆದು ಹಾಳೆ ಅಲ್ಲೇ ಅಂಟಿಕೊಳ್ಳಬೇಕು. ಇದು ಫಡಫಡ ಅಂತ ನನ್ನ ಕಡೆಗೇ ಹಾರಿತು. ಫ್ಯಾನ್ ಉಲ್ಟಾ ತಿರುಗುತ್ತಿದೆ! ಎಂಜಿನ್ ಬಿಸಿಯನ್ನೇ ರೇಡಿಯೇಟರಿಗೆ, ಕಂಡೆನ್ಸರಿಗೆ ಊದುತ್ತಿದೆ. ನಿಧಾನ ಹೋಗುವಾಗ ಮುಂದಿನಿಂದ ಬರೋ ಗಾಳಿಗೂ ಅಡ್ಡ ನಿಲ್ಲುತ್ತದೆ. ವೇಗ ಸಿಕ್ಕರೆ ಎದುರುಗಾಳಿಯೇ ಗೆಲ್ಲುತ್ತದೆ, ಹಾಗಾಗಿ ಹೈವೇಯಲ್ಲಿ ಏನೂ ಗೊತ್ತಾಗಿರಲಿಲ್ಲ.

ವೈರ್ ಹಿಡಿದು ಹೋದರೆ ಟೇಪ್ ಸುತ್ತಿದ ಜಾಯಿಂಟ್ ಸಿಕ್ಕಿತು. ಹೊಸ ಮೋಟರಿನ ಕಪ್ಲರ್ (ವೈರ್ ಜೋಡಿಸೋ ಪ್ಲಗ್) ಹೊಂದದೆ ಕತ್ತರಿಸಿ ಜೋಡಿಸಿದ್ದಾರೆ. ಬಣ್ಣ ನೋಡಿ ಬಣ್ಣಕ್ಕೆ ಕೂಡಿಸಿದ್ದಾರೆ, ಆದರೆ ಆ ಮೋಟರಿನ ಬಣ್ಣದ ಲೆಕ್ಕವೇ ಬೇರೆ. ಡಿಸಿ ಮೋಟರಲ್ಲಿ ಪ್ಲಸ್ ಮೈನಸ್ ಅದಲು ಬದಲಾದರೆ ತಿರುಗೋ ದಿಕ್ಕೂ ಬದಲು, ಅಷ್ಟೇ. ತಿರುಗುತ್ತಿರೋ ಫ್ಯಾನ್ ಮೇಲೆ ಯಾರಿಗೆ ಅನುಮಾನ ಬರುತ್ತೆ ಹೇಳಿ?

ವೈರ್ ಬದಲಿಸಿ, ಬೆಸುಗೆ ಹಾಕಿ, ಸ್ಲೀವ್ ಏರಿಸಿದೆ. ಹಾಳೆ ಗಪ್ ಅಂತ ಅಂಟಿಕೊಂಡಿತು. ಡ್ರೈವರ್ ಅದನ್ನು ತಾವೇ ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದರು. ಮಧ್ಯಾಹ್ನದ ಬಿಸಿಲಲ್ಲೇ ಎಸಿ ಹಾಕಿ ನಿಲ್ಲಿಸಿದೆವು. ಮುಳ್ಳು ಅರ್ಧ ದಾಟಲಿಲ್ಲ, ಹೋಸ್‌ಗಳ ನಡುವೆ ಒಳ್ಳೆ ಅಂತರ ಬಂತು. ದೋಣಿಮಲೈ ಏರಿ ಬಂದು ಅವರೇ ಫೋನ್ ಮಾಡಿದರು. ಮಾರನೇ ದಿನ ತಣ್ಣಗಿದ್ದಾಗ ಕೂಲಂಟ್ ಲೆವೆಲ್ ನೋಡಿ, ಇಳಿದಿದ್ದರೆ ಬೋರ್ ನೀರು ಮಾತ್ರ ಹಾಕಬೇಡಿ ಅಂತ ಹೇಳಿ ಫೋನ್ ಇಟ್ಟೆ.