‘ನೀವು ಸಂಬಂಧಿಕರಲ್ಲ’ ಎಂದಾಗ ಕೆಲಸಕ್ಕೆ ಬಂದ ಬಿಳಿ ಹಾಳೆ

ಬೆಂಗಳೂರಿನಲ್ಲಿ ಮಾನಸಿಕ ಕಾಯಿಲೆ ಇರುವವರ ಪರವಾಗಿ ಓಡಾಡುವುದು ನನ್ನ ಕೆಲಸ. ಯಾವ ಸಂಸ್ಥೆಗೂ ಸೇರಿಲ್ಲ. ಒಂದು ಆಸ್ಪತ್ರೆಯಲ್ಲಿ ಚಿಕಿತ್ಸೆಯ ಬಗ್ಗೆ ಏನು ಕೇಳಿದರೂ ‘ನೀವು ಸಂಬಂಧಿಕರಲ್ಲ’ ಎನ್ನುತ್ತಿದ್ದರು. ಆಧಾರ್, ವಕೀಲರ ಪತ್ರ, ನೋಟರಿ ಅಫಿಡವಿಟ್ ಯಾವುದೂ ನಡೆಯಲಿಲ್ಲ.

ಕೆಲಸ ಆಗಿದ್ದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಸೆಕ್ಷನ್ 14ರಿಂದ. ರೋಗಿ ತನ್ನ ಪರವಾಗಿ ನಿಲ್ಲಲು ಒಬ್ಬ ಪ್ರತಿನಿಧಿಯನ್ನು ತಾನೇ ನೇಮಿಸಿಕೊಳ್ಳಬಹುದು ಎನ್ನುವ ಸೆಕ್ಷನ್ ಇದು. ಸ್ಟಾಂಪ್ ಪೇಪರ್ ಬೇಡ, ಬಿಳಿ ಹಾಳೆ ಸಾಕು. ಮೊದಲು ‘ಇವರು ನನ್ನ ನಾಮನಿರ್ದೇಶಿತ ಪ್ರತಿನಿಧಿ’ ಎಂದು ಬರೆದು, ರೋಗಿ ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು. ಪ್ರತಿನಿಧಿಗೆ 18 ತುಂಬಿರಬೇಕು, ರಕ್ತಸಂಬಂಧ ಬೇಕಿಲ್ಲ. ಆಮೇಲೆ ಪ್ರತಿನಿಧಿಯಾಗುವವರು ತಮ್ಮ ಒಪ್ಪಿಗೆಯನ್ನೂ ಬರೆದು, ನೋಡಿಕೊಳ್ಳುತ್ತಿರುವ ಮನೋವೈದ್ಯರಿಗೋ ಬೇರೆ ಮಾನಸಿಕ ಆರೋಗ್ಯ ವೃತ್ತಿಪರರಿಗೋ ಕೊಡಬೇಕು. ಸುಮ್ನೆ ಬಾಯಲ್ಲಿ ಹೇಳಿದರೆ ಸಾಲದು. ಎರಡರ ನಕಲಿನ ಮೇಲೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಇಷ್ಟಾದ ಮೇಲೆ, ಚಿಕಿತ್ಸೆಯ ಮಾಹಿತಿ ಕೇಳುವ ಹಕ್ಕನ್ನು ಪ್ರತಿನಿಧಿಗೆ ಕೊಡುವ ಅದೇ ಕಾಯ್ದೆಯ ಸೆಕ್ಷನ್ 17 ತೋರಿಸಿ ಮಾಹಿತಿ ಕೇಳಿ. ಪ್ರತಿನಿಧಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು ಎಂಬುದನ್ನು ರೋಗಿಗೆ ಸಹಿಗೆ ಮೊದಲೇ ತಿಳಿಸಿ.