ನಾಲ್ಕು ಕೋಣೆ ನೋಡಿ ನಿಲ್ಲಿಸುತ್ತಿದ್ದೆ

ಐದನೇ ತಿಂಗಳ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಹೃದಯದ ನಾಲ್ಕು ಕೋಣೆ ಕಂಡು, ಬಡಿತ ಸರಿ ಇದ್ದರೆ ‘ಹೃದಯ ನಾರ್ಮಲ್’ ಅಂತ ಬರೆದು ಮುಂದಿನವರನ್ನು ಕರೆಯುತ್ತಿದ್ದೆ. ಹೊರಗೆ ಸಾಲು ಜಾಸ್ತಿ ಇರುತ್ತಿತ್ತು.

ಹಾಗೆ ಬರೆದುಕೊಟ್ಟ ಒಂದು ಮಗು ಹುಟ್ಟಿದ ಕೆಲವೇ ಗಂಟೆಯಲ್ಲಿ ನೀಲಿಗಟ್ಟಿತು. ದೊಡ್ಡ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊತ್ತು ಮೀರಿತ್ತು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದವು. ಹಳೇ ಚಿತ್ರಗಳನ್ನು ತೆಗೆದು ನೋಡಿದೆ. ನಾಲ್ಕೂ ಕೋಣೆ ಚೆನ್ನಾಗೇ ಇದ್ದವು. ಈ ದೋಷ ಸಾಮಾನ್ಯವಾಗಿ ಅಲ್ಲಿ ಕಾಣುವುದೇ ಇಲ್ಲ. ತಾಯಿಯ ಹೊಟ್ಟೆ ಮೇಲೆ ಆಡಿಸುವ ಪ್ರೋಬನ್ನು ಇನ್ನೊಂದು ಚೂರು ಮೇಲಕ್ಕೆ ಸರಿಸಬೇಕಿತ್ತು. ನಾನು ಸರಿಸಿರಲಿಲ್ಲ.

ಅವತ್ತಿನಿಂದ ನನ್ನ ಕೆಲಸದ ರೀತಿಯೇ ಬದಲಾಯಿತು. ಮೊದಲು ಮಗುವಿನ ಎಡ ಬಲ ಗೊತ್ತುಮಾಡಿಕೊಳ್ಳುತ್ತೇನೆ. ಜಠರ ಎಡಕ್ಕಿದೆಯಾ? ಹೃದಯ ಎದೆಯ ಮೂರನೇ ಒಂದು ಭಾಗದಷ್ಟಿದ್ದು, ತುದಿ ಸುಮಾರು 45 ಡಿಗ್ರಿ ಎಡಕ್ಕೆ ವಾಲಿದೆಯಾ? ಕೋಣೆಗಳನ್ನು ನೋಡಿದ ಮೇಲೆ ನಿಧಾನವಾಗಿ ಗಂಟಲ ಕಡೆಗೆ ಸರಿಯುತ್ತೇನೆ. ಎಡಗಡೆಯಿಂದ ಮೈಗೆಲ್ಲ ರಕ್ತ ಒಯ್ಯುವ ನಾಳ, ಅಯೋರ್ಟಾ, ಹೊರಡುತ್ತದೆ. ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗುವ ನಾಳ ಬಂದು ಅದನ್ನು ಅಡ್ಡ ಹಾಯುತ್ತದೆ, ಕತ್ತರಿಯ ಎರಡು ಅಲಗಿನ ಹಾಗೆ. ಆ ಕತ್ತರಿ ಕಾಣುವ ತನಕ ಕೈ ತೆಗೆಯುವುದಿಲ್ಲ. ಇನ್ನೂ ಮೇಲೆ ಹೋದರೆ ಮೂರು ನಾಳ ಸಾಲಾಗಿ ನಿಂತಿರುತ್ತವೆ, ದೊಡ್ಡದು, ಮಧ್ಯಮ, ಚಿಕ್ಕದು.

ಮಗು ಬೆನ್ನು ಮೇಲೆ ಮಾಡಿ ಮಲಗಿದ್ದರೆ ಪಕ್ಕೆಲುಬಿನ ನೆರಳು ಬಿದ್ದು ಏನೂ ಕಾಣಲ್ಲ. ಆಗ ಸುಮ್ನೆ ಒತ್ತಿ ನೋಡಿ ಪ್ರಯೋಜನವಿಲ್ಲ. ತಾಯಿಯನ್ನು ಅರ್ಧ ಗಂಟೆ ಓಡಾಡಿ ಬರಲು ಕಳಿಸುತ್ತೇನೆ.

ಸಕ್ಕರೆ ಕಾಯಿಲೆ ಇದ್ದವರು, ಸೋದರಮಾವನನ್ನು ಮದುವೆಯಾದವರು, ಮೊದಲ ಮಗುವಿಗೆ ಹೃದಯದ ತೊಂದರೆ ಇದ್ದವರು ಬಂದರೆ ಎಲ್ಲರೂ ಎಚ್ಚರವಾಗಿರುತ್ತಾರೆ. ಆದರೆ ಹೃದಯದ ದೋಷವಿರುವ ಮಕ್ಕಳಲ್ಲಿ ಹೆಚ್ಚಿನವರ ತಾಯಂದಿರಿಗೆ ಇದ್ಯಾವುದೂ ಇರುವುದಿಲ್ಲ. ಹಾಗಾಗಿ ಎಲ್ಲರಿಗೂ ಇದೇ ಕ್ರಮ.

ಕೆಲವು ವರ್ಷ ಬಿಟ್ಟು 21 ವಾರದ ಒಬ್ಬ ಗರ್ಭಿಣಿ ಬಂದಳು. ಕತ್ತರಿ ಕಾಣಲಿಲ್ಲ. ಎರಡೂ ನಾಳ ಅಕ್ಕಪಕ್ಕ ಒಂದೇ ದಿಕ್ಕಿಗೆ ಹೋಗಿದ್ದವು. ನನ್ನ ಬೆರಳು ತಣ್ಣಗಾಯಿತು. ಅತ್ತೆ ಕೇಳಿದರು, “ಡಾಕ್ಟ್ರೇ, ಒಳಗೆ ಚೆನ್ನಾಗಿ ಒದೀತಾ ಇದ್ಯಲ್ಲ, ಹೆಂಗೆ ತೊಂದ್ರೆ ಇರುತ್ತೆ?”

ಕಾಗದದ ಮೇಲೆ ಬರೆದು ತೋರಿಸಿದೆ. “ಈಗ ಆಮ್ಲಜನಕ ತಾಯಿಯಿಂದ ಮಾಸಿನ ಮೂಲಕ ಬರ್ತಿದೆ ಅಮ್ಮಾ. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಮಗುವೇ ಉಸಿರಾಡಬೇಕು. ಆಗ ಶ್ವಾಸಕೋಶದ ಒಳ್ಳೇ ರಕ್ತ ಮೈಗೆ ಹೋಗದೆ ಮತ್ತೆ ಶ್ವಾಸಕೋಶಕ್ಕೇ ತಿರುಗುತ್ತೆ. ಒಳ್ಳೇ ರಕ್ತ, ಕೆಟ್ಟ ರಕ್ತ ಎರಡನ್ನೂ ಬೆರೆಸೋ ಸಣ್ಣ ದಾರಿ ಒಂದಿದೆ. ಅದೂ ಕೆಲವೇ ದಿನಕ್ಕೆ ಮುಚ್ಚಿಕೊಳ್ಳುತ್ತೆ.”

ಹೊಟ್ಟೆಯೊಳಗಿನ ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಸ್ಕ್ಯಾನ್, ಫೀಟಲ್ ಎಕೋಗೆ, ಬೆಂಗಳೂರಿಗೆ ಕಳಿಸಿದೆ. ಹೆರಿಗೆಯೂ ಅಲ್ಲೇ ಆಯಿತು. ಹುಟ್ಟಿದ ಕೂಡಲೇ ಆ ದಾರಿ ತೆರೆದಿಡಲು ಪ್ರೋಸ್ಟಾಗ್ಲಾಂಡಿನ್ ಡ್ರಿಪ್ ಹಾಕಿದರು. ಎರಡನೇ ವಾರದಲ್ಲಿ ನಾಳಗಳನ್ನು ಅವುಗಳ ಜಾಗಕ್ಕೆ ಜೋಡಿಸುವ ಆಪರೇಷನ್ ಆಯಿತು. ಮೂರು ತಿಂಗಳಾದ ಮೇಲೆ ಮಗುವನ್ನು ತೋರಿಸಲು ಬಂದಿದ್ದರು. ಎದೆಯ ನಡುವೆ ಉದ್ದ ಗೆರೆ, ತುಟಿ ಕೆಂಪಗೆ.

ಎಲ್ಲವೂ ಸ್ಕ್ಯಾನಿಂಗ್‌ನಲ್ಲಿ ಸಿಗುವುದಿಲ್ಲ. ಸಣ್ಣ ತೂತುಗಳು ತಪ್ಪಿಹೋಗುತ್ತವೆ. ಅದಕ್ಕೇ ಈಗ ರಿಪೋರ್ಟ್‌ನಲ್ಲಿ ಬರೀ ‘ನಾರ್ಮಲ್’ ಅನ್ನುವುದಿಲ್ಲ. ಏನೇನು ಕಂಡಿತು ಅಂತ ಬರೆಯುತ್ತೇನೆ. ಕಾಣದಿದ್ದರೆ, ಕಂಡಿಲ್ಲ, ಎರಡು ವಾರ ಬಿಟ್ಟು ಮತ್ತೆ ಬನ್ನಿ ಅಂತ.