ಟಾಮ್‌ಕ್ಯಾಟ್‌ನಲ್ಲಿ ಕನೆಕ್ಷನ್ ಪೂಲ್: ಬರೆದಿದ್ದು ನೂರು, ಸಿಕ್ತಿದ್ದು ಎಂಟು

ಪುಣೆಯಲ್ಲಿ ಹಿಂಜವಡಿ ಕಡೆಯ ಆಫೀಸುಗಳಿಗೆ ಮಧ್ಯಾಹ್ನದ ಡಬ್ಬಾ ಕಳಿಸೋರ ಆರ್ಡರ್ ಅಪ್ಲಿಕೇಶನ್ ನಾವು ನೋಡ್ಕೋತೀವಿ. ಬರೆದಿದ್ದು ಜಾವಾದಲ್ಲಿ, ಓಡಿಸೋ ಸರ್ವರ್ ಟಾಮ್‌ಕ್ಯಾಟ್, ಡೇಟಾಬೇಸ್ ಮೈಎಸ್‌ಕ್ಯೂಎಲ್, ಅಷ್ಟೇ. ಡೇಟಾಬೇಸ್‌ಗೆ ಹೋಗೋ ಕನೆಕ್ಷನ್‌ಗಳನ್ನ ತೆರೆದಿಟ್ಕೊಂಡು, ಕೇಳಿದೋರಿಗೆ ಕೊಟ್ಟು ವಾಪಸ್ ತಗೊಳೋದು ಕನೆಕ್ಷನ್ ಪೂಲ್. ಟಾಮ್‌ಕ್ಯಾಟ್ 7ರಿಂದ 9ಕ್ಕೆ ಬದಲಾಯಿಸಿದ ಮೇಲೆ ಬೆಳಿಗ್ಗೆ ಎಲ್ರೂ ಒಟ್ಟಿಗೆ ಆರ್ಡರ್ ಹಾಕೋ ಹೊತ್ತಿಗೆ ಸರಿಯಾಗಿ ಪೇಜು ಸುಮ್ನೆ ತಿರುಗ್ತಾನೇ ಇರೋದು, ಎರರ್ರೂ ಇಲ್ಲ ಏನೂ ಇಲ್ಲ, ಡೇಟಾಬೇಸ್ ಮಷೀನ್ ನೋಡಿದ್ರೆ ಸಿಪಿಯು ಆರಾಮಾಗಿ ಕೂತಿದೆ.

ಟೀಮಲ್ಲಿ ವಿಜಯಪುರದ ಹುಡುಗ ಒಬ್ಬ ಇದಾನೆ, ಜೆಸ್ಟ್ಯಾಕ್ ಕಮಾಂಡ್ ಹೊಡೆದು ಥ್ರೆಡ್ ಡಂಪ್ ತೆಗೆದ, ಅಂದ್ರೆ ರಿಕ್ವೆಸ್ಟ್ ನೋಡ್ಕೊಳೋ ಒಂದೊಂದು ಥ್ರೆಡ್ಡೂ ಕೋಡಲ್ಲಿ ಎಲ್ಲಿ ನಿಂತಿದೆ ಅನ್ನೋ ಪಟ್ಟಿ. "ಸರ, ಎಲ್ಲಾ ಬಾರೋ ಆಬ್ಜೆಕ್ಟ್ ಅನ್ನೋದ್ರಾಗ ನಿಂತಾವ್ರೀ" ಅಂದ. ಅದು ಪೂಲಿಂದ ಕನೆಕ್ಷನ್ ಕೇಳೋ ಮೆಥಡ್, ಅಂದ್ರೆ ಥ್ರೆಡ್‌ಗಳು ಕ್ವೆರಿ ಓಡಿಸ್ತಿಲ್ಲ, ಕನೆಕ್ಷನ್ ಸಿಗ್ಲಿ ಅಂತ ಕಾಯ್ತಿವೆ. ಮೈಎಸ್‌ಕ್ಯೂಎಲ್‌ನಲ್ಲಿ ಶೋ ಪ್ರೊಸೆಸ್‌ಲಿಸ್ಟ್ ಹಾಕಿದ್ರೆ ನಮ್ಮ ಸರ್ವರಿಂದ ಬಂದಿರೋದು ಬರೀ ಎಂಟು ಕನೆಕ್ಷನ್. ಪೂಲ್ ಸೆಟ್ಟಿಂಗ್ ಇರೋ ಕಾಂಟೆಕ್ಸ್ಟ್ ಫೈಲಲ್ಲಿ ನೋಡಿದ್ರೆ, ಹೆಚ್ಚಂದ್ರೆ ಎಷ್ಟು ಕನೆಕ್ಷನ್ ಅಂತ ಹೇಳೋ ಮ್ಯಾಕ್ಸ್‌ಆ್ಯಕ್ಟಿವ್ 100 ಅಂತ ಕಣ್ಣಿಗೆ ಹೊಡೆಯೋ ಹಾಗಿದೆ!

ವಿಷಯ ಏನಪ್ಪಾ ಅಂದ್ರೆ, ಟಾಮ್‌ಕ್ಯಾಟ್ 8ರಿಂದ ಒಳಗಿರೋ ಪೂಲ್ ಡಿಬಿಸಿಪಿ 2 ಅನ್ನೋ ಲೈಬ್ರರಿ, ಅದ್ರಲ್ಲಿ ಮ್ಯಾಕ್ಸ್‌ಆ್ಯಕ್ಟಿವ್ ಅನ್ನೋ ಹೆಸರೇ ಇಲ್ಲ, ಮ್ಯಾಕ್ಸ್‌ಟೋಟಲ್ ಆಗಿದೆ, ಎಷ್ಟು ಹೊತ್ತು ಕಾಯೋದು ಅನ್ನೋ ಮ್ಯಾಕ್ಸ್‌ವೇಟ್ ಹೋಗಿ ಮ್ಯಾಕ್ಸ್‌ವೇಟ್‌ಮಿಲಿಸ್ ಆಗಿದೆ. ಹಳೇ ಹೆಸರು ಬರೆದ್ರೆ ಅದನ್ನ ಬಿಟ್ಟಾಕಿ ಡಿಫಾಲ್ಟ್ ತಗೊಳುತ್ತೆ: ಕನೆಕ್ಷನ್ 8, ಕಾಯೋದಕ್ಕೆ ಮಿತಿನೇ ಇಲ್ಲ. ಟಾಮ್‌ಕ್ಯಾಟ್ ಥ್ರೆಡ್ ಡಿಫಾಲ್ಟ್ 200. ಲೆಕ್ಕ ಹಾಕಿ, ಇನ್ನೂರು ಜನ ಕ್ಯೂ, ಕೌಂಟರ್ ಎಂಟು, ಅದೂ ಯಾವಾಗ ಬೇಕಾದ್ರೂ ಬರಲಿ ಅಂತ ಕಾಯ್ತಾ ಇರೋದು. ಲಾಗಲ್ಲಿ ಸ್ಟಾರ್ಟ್ ಆಗುವಾಗ ಇದಕ್ಕೆ ವಾರ್ನಿಂಗ್ ಬರುತ್ತೆ, ಆದ್ರೆ ಸ್ಟಾರ್ಟಪ್ ಲಾಗ್ ಓದೋರು ಯಾರು.

ಸರಿ, ಎಷ್ಟು ಕೊಡೋದು? ಬಳಸೋರ ಸಂಖ್ಯೆ ನೋಡಿ ಕೊಡೋದಲ್ಲ, ಡೇಟಾಬೇಸ್ ಕಡೆಯಿಂದ ಲೆಕ್ಕ ಬರಬೇಕು. ಮೈಎಸ್‌ಕ್ಯೂಎಲ್ ಮ್ಯಾಕ್ಸ್ ಕನೆಕ್ಷನ್ಸ್ ಡಿಫಾಲ್ಟ್ 151, ನಮ್ದು ಎರಡು ಟಾಮ್‌ಕ್ಯಾಟ್, ಜೊತೆಗೆ ಬ್ಯಾಕಪ್, ರಿಪೋರ್ಟು, ಕೈಯಲ್ಲಿ ಲಾಗಿನ್ ಆಗೋರು. ಒಂದಕ್ಕೆ 20 ಕೊಟ್ವಿ, ಎರಡೂ ಸೇರಿ 40, ಸಾಕು ಅಂದ್ರೆ ಸಾಕು. ಕ್ವೆರಿ ಚಿಕ್ಕದಾಗಿದ್ರೆ ಇಪ್ಪತ್ತು ಕನೆಕ್ಷನ್ ಎಷ್ಟು ಕೆಲಸ ಎಳೆಯುತ್ತೆ ಅಂತ ನೋಡಿದೋರಿಗೇ ಗೊತ್ತು. ಮ್ಯಾಕ್ಸ್‌ವೇಟ್‌ಮಿಲಿಸ್ 5000, ಐದು ಸೆಕೆಂಡಲ್ಲಿ ಸಿಗ್ಲಿಲ್ಲ ಅಂದ್ರೆ ಎರರ್ ಬರ್ಲಿ, ಮೂಕವಾಗಿ ತಿರುಗೋದಕ್ಕಿಂತ ವಾಸಿ.

ಎರರ್ ಬರೋಕೆ ಶುರುವಾದ ಮೇಲೆ ಇನ್ನೊಂದು ಸಿಕ್ತು. ಪ್ರೊಸೆಸ್‌ಲಿಸ್ಟಲ್ಲಿ ಕೆಲವು ಕನೆಕ್ಷನ್ ಸ್ಲೀಪ್ ಅಂತ ಇದ್ದು ಟೈಮ್ ಏರ್ತಾನೇ ಇತ್ತು, ಆದ್ರೆ ಪೂಲ್ ಪ್ರಕಾರ ಅವು ಇನ್ನೂ ಬಳಕೆಯಲ್ಲಿ. ಪಕ್ಕಾ ಲೀಕ್, ಕೋಡು ತಗೊಂಡ ಕನೆಕ್ಷನ್ ವಾಪಸ್ ಕೊಡ್ತಿಲ್ಲ. ಹಾಗೆ ಬಿಟ್ಟುಹೋದ ಕನೆಕ್ಷನ್ ಲಾಗಿಗೆ ಬರೆಯೋ ಲಾಗ್‌ಅಬ್ಯಾಂಡನ್ಡ್ ಆನ್ ಮಾಡಿ, ಅವನ್ನ ಪೂಲಿಗೆ ಕಿತ್ಕೊಳೋ ರಿಮೂವ್‌ಅಬ್ಯಾಂಡನ್ಡ್‌ಆನ್‌ಬಾರೋನೂ ಹಾಕಿ ಬಿಟ್ವಿ, ಕನೆಕ್ಷನ್ ತಗೊಂಡ ಜಾಗದ ಸ್ಟ್ಯಾಕ್ ಟ್ರೇಸ್ ಲಾಗಿಗೆ ಬಂತು: ಕೂಪನ್ ಚೆಕ್ ಮಾಡೋ ಒಂದು ಮೆಥಡ್, ಮಧ್ಯದಲ್ಲಿ ಎಕ್ಸೆಪ್ಶನ್ ಬಂದ್ರೆ ಕ್ಲೋಸ್ ಮಾಡದೇ ಓಡಿಹೋಗ್ತಿತ್ತು. ಏನೇ ಆದ್ರೂ ತಾನೇ ಕ್ಲೋಸ್ ಮಾಡೋ ಜಾವಾದ ಟ್ರೈ ವಿತ್ ರಿಸೋರ್ಸಸ್ ಒಳಗೆ ಹಾಕಿದ್ವಿ. ಒಂದು ಮಾತು, ಆ ಆನ್‌ಬಾರೋ ಸೆಟ್ಟಿಂಗು ಪೂಲ್ ಹತ್ರಹತ್ರ ತುಂಬಿದಾಗ ಮಾತ್ರ ಕೆಲಸ ಮಾಡುತ್ತೆ, ಟೆಸ್ಟ್ ಸರ್ವರಲ್ಲಿ ಒಬ್ರೇ ಕೂತು ಕ್ಲಿಕ್ ಮಾಡಿ ಬರ್ಲಿಲ್ಲ ಅನ್ಬೇಡಿ.

ಹಳೇ ಫೈಲಲ್ಲಿ ಟೆಸ್ಟ್‌ಆನ್‌ಬಾರೋ ಫಾಲ್ಸ್ ಅಂತಾನೂ ಇತ್ತು, ಅಂದ್ರೆ ಕೊಡೋ ಮುಂಚೆ ಕನೆಕ್ಷನ್ ಬದುಕಿದೆಯಾ ಅಂತ ನೋಡ್ಬೇಡ ಅಂತ, ಅದನ್ನ ತೆಗೆದ್ವಿ. ಮೈಎಸ್‌ಕ್ಯೂಎಲ್ ಎಂಟು ಗಂಟೆ ಸುಮ್ನಿದ್ದ ಕನೆಕ್ಷನ್ನನ್ನ ತಾನೇ ಮುಚ್ಚುತ್ತೆ, ಸೋಮವಾರ ಬೆಳಿಗ್ಗೆ ಮೊದಲ ಆರ್ಡರಿಗೆ ಎರರ್ ಬರ್ತಿದ್ದದ್ದು ಅದಕ್ಕೇ.

ಕೊನೆಗೆ ತಿಂಗಳ ರಿಪೋರ್ಟಿಗೆ ಅಂತ ಮೂರೇ ಕನೆಕ್ಷನ್‌ದು ಬೇರೆ ಪೂಲ್ ಮಾಡಿದ್ವಿ, ಇಲ್ಲಾಂದ್ರೆ ಒಂದು ದೊಡ್ಡ ಕ್ವೆರಿ ಆರ್ಡರಿನವರ ಕನೆಕ್ಷನ್ನೆಲ್ಲ ಹಿಡ್ಕೊಂಡು ಕೂರುತ್ತೆ. ಅಕೌಂಟ್ಸಿನವರು ನಮ್ದು ನಿಧಾನ ಆಯ್ತು ಅಂತ ಗೊಣಗ್ತಾರೆ, ಗೊಣಗ್ಲಿ ಬಿಡಿ, ಆ ಪೂಲು ಮೂರಕ್ಕಿಂತ ದೊಡ್ಡದಾಗಲ್ಲ.